ಹಂತಿ ಕೂತಾಗ ತಿರುಗಿದ ಫ್ಯಾನು

ಮದುವೆಗೆ ಹೋದರೆ ರಾಜೀವಿ ಮದುಮಗಳ ಸೀರೆ ನೋಡುವುದಿಲ್ಲ. ಮೊದಲು ತಲೆಯೆತ್ತಿ ಫ್ಯಾನುಗಳನ್ನು ನೋಡುತ್ತಾಳೆ. ವಿದ್ಯುತ್ ಕಂಪನಿಯ ಜೂನಿಯರ್ ಇಂಜಿನಿಯರ್ ಇನ್ನೇನನ್ನು ನೋಡಿಯಾಳು ಎಂದು ಜೊತೆಯವರು ನಗುತ್ತಾರೆ. ಅವಳು ಅವರನ್ನು ತಿದ್ದುವುದಿಲ್ಲ. ಈ ಅಭ್ಯಾಸ ಅವಳ ಉದ್ಯೋಗಕ್ಕಿಂತ ಹಳೆಯದು.

ಹುಟ್ಟಿದ್ದು ಶಿರ್ತಾಡಿಯಲ್ಲಿ. ತಂದೆ ಮೂಡಬಿದ್ರೆಯಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನ ಕಂಡಕ್ಟರ್; ಮನೆಯಲ್ಲೂ ಮಕ್ಕಳನ್ನು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ದೂಡುತ್ತಿದ್ದ ಮನುಷ್ಯ. ಮಗಳು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಓದುತ್ತೇನೆ ಎಂದಾಗ ಮಾತ್ರ ತಡೆದ.

"ಹೆಣ್ಣುಮಕ್ಕಳು ಕಂಬ ಹತ್ತುದುಂಟಾ ಮಾರಾಯ್ತಿ?"

"ಹತ್ತಿದವರಿಗೆ ಕೆಳಗಿನಿಂದ ಹೇಳುವವರೂ ಬೇಕಲ್ಲ ಅಪ್ಪ."

ಓದಿದಳು. ಆದರೆ ಕೊನೆಯ ಒಂದು ವಿಷಯ ಬಾಕಿ ಇರುವಾಗಲೇ ಮದುವೆಯಾಯಿತು. ಗಂಡ ಸಿದ್ಧಕಟ್ಟೆಯ ಚಿನ್ನಯ್ಯ, ಲೈನ್‌ಮ್ಯಾನ್. ಅವನು ಅವಳನ್ನು "ಇಂಜಿನಿಯರಮ್ಮ" ಎಂದು ಕರೆಯುತ್ತಿದ್ದ, ಸಾರಿಗೆ ಉಪ್ಪು ಹೆಚ್ಚಾದ ದಿನವೂ. ಒಳ್ಳೆಯ ಕೆಲಸಗಾರ, ದೇವರಂಥವನೇನೂ ಅಲ್ಲ. ಭಾನುವಾರ ಕಳ್ಳು ಕುಡಿಯುತ್ತಿದ್ದ, ಕುಡಿದರೆ ಹಾಡುತ್ತಿದ್ದ, ಆ ಹಾಡು ಕೇಳುವಂತಿರಲಿಲ್ಲ. ವಾರದ ಉಳಿದ ದಿನ ಮುಟ್ಟುತ್ತಿರಲಿಲ್ಲ. ಕಂಬ ಹತ್ತುವವನಿಗೆ ಅಷ್ಟು ಹೆದರಿಕೆ ಇರಬೇಕು ಎನ್ನುತ್ತಿದ್ದ. ಬಾಕಿ ಉಳಿದ ಪರೀಕ್ಷೆಯನ್ನು ಬರೆದು ಮುಗಿಸು ಎಂದು ಅವಳ ಬೆನ್ನು ಬಿದ್ದವನೂ ಅವನೇ. ಅವಳು ರಸ್ತೆಬದಿಯ ಒಂದು ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ರವಕೆ ಹೊಲಿಯುತ್ತ ನಾಳೆ, ನಾಡಿದ್ದು ಎನ್ನುತ್ತಿದ್ದಳು.

ಆ ಕೋಣೆಯ ಎದುರಿಗೇ ಶಂಭುವಿನ ಸಭಾಭವನ. ಶಂಭು ಗದ್ದೆ ತೋಟ ಇದ್ದ ಮನೆಯವನು; ಕೆಲವು ವರ್ಷ ಗಲ್ಫಿನಲ್ಲಿ ಹೋಟೆಲು ನಡೆಸಿ ಬಂದು ಈ ಮದುವೆ ಹಾಲು ಕಟ್ಟಿಸಿದ್ದ. ಸುತ್ತಿನ ಹತ್ತು ಊರಿನ ಮದುವೆಗಳು ಅಲ್ಲೇ ಆಗುತ್ತಿದ್ದವು. ಕೆಟ್ಟವನೆಂದು ಅವನನ್ನು ಯಾರೂ ಹೇಳುತ್ತಿರಲಿಲ್ಲ. ನಗುನಗುತ್ತ ಮಾತಾಡುವವನು, ಊಟ ಬಡಿಸುವಾಗ ತಾನೇ ಪಂಚೆ ಎತ್ತಿ ಕಟ್ಟಿ ಹಂತಿಯ ಉದ್ದಕ್ಕೂ ಓಡಾಡುವವನು. ಎಲೆಯ ಮುಂದೆ ಕೂತ ಆ ಉದ್ದ ಸಾಲನ್ನು ಕಾಯಿಸುವುದಾಗಲಿ ಬೆವರಿಸುವುದಾಗಲಿ ಆ ಕಡೆ ದೊಡ್ಡ ಅವಮಾನ. ಹಂತಿ ಕೂತಿತೆಂದರೆ ಮದುಮಗನಾದರೂ ಬದಿಗೆ ಸರಿಯಬೇಕು.

ಹದಿನಾಲ್ಕು ವರ್ಷದ ಹಿಂದೆ, ಮೇ ತಿಂಗಳ ಒಂದು ಬುಧವಾರ, ಬೆಳಗ್ಗಿನ ಗಾಳಿಗೆ ಮರದ ಗೆಲ್ಲು ಬಿದ್ದು ಹಾಲಿನ ಹತ್ತಿರ ತಂತಿ ಕಡಿಯಿತು. ಹಾಲಿನಲ್ಲಿ ದೊಡ್ಡ ಮದುವೆ. ಚಿನ್ನಯ್ಯ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ತೆಗೆದು, ಕಂಬ ಹತ್ತಿ, ಟೆಸ್ಟರ್ ಹಿಡಿದು ನೋಡಿದ. ಕರೆಂಟ್ ಇರಲಿಲ್ಲ. ಕೆಲಸಕ್ಕೆ ತೊಡಗಿದ. ತಂತಿಗೆ ಸಿಕ್ಕಿಸಿ, ತಪ್ಪಿ ಬಂದ ಕರೆಂಟನ್ನು ನೆಲಕ್ಕೆ ಇಳಿಸಿಬಿಡುವ ಅರ್ತ್ ರಾಡನ್ನು ಅವನು ಹಾಕಿರಲಿಲ್ಲ. ಅದು ಬೇರೆ ತಂಡದ ಜೀಪಿನಲ್ಲಿ ಬೇರೆ ಕಡೆಗೆ ಹೋಗಿತ್ತು. ಅದು ಬರುವವರೆಗೆ ಅವನು ಕಾಯಬೇಕಾಗಿತ್ತು. ಕಾಯದ್ದು ಗಂಡನ ತಪ್ಪು ಎಂದು ರಾಜೀವಿ ಅವತ್ತಿನಿಂದ ಇವತ್ತಿನವರೆಗೂ ಒಪ್ಪುತ್ತಾಳೆ. ಆದರೆ ಸತ್ತ ತಂತಿಗೆ ಕರೆಂಟ್ ತನ್ನಷ್ಟಕ್ಕೆ ಬರುವುದಿಲ್ಲ.

ಹಾಲಿನ ಒಳಗೆ ಆಗಷ್ಟೇ ಹಂತಿ ಕೂತಿತ್ತು. ಫ್ಯಾನು ನಿಂತಿತ್ತು. ಜನರೇಟರ್ ಇತ್ತು, ಆದರೆ ಚೇಂಜ್‌ಓವರ್ ತುಕ್ಕು ಹಿಡಿದು ಕೂತಿತ್ತು. ಚೇಂಜ್‌ಓವರ್ ಎಂದರೆ ಒಂದು ಹಿಡಿ: ಮೇಲೆ ದೂಡಿದರೆ ಕಂಬದ ಕರೆಂಟು ಮಾತ್ರ ಒಳಗೆ, ಕೆಳಗೆ ಎಳೆದರೆ ಜನರೇಟರಿನದ್ದು ಮಾತ್ರ, ಎರಡೂ ಒಂದನ್ನೊಂದು ಸೇರಲಾರವು. ಆ ಹಿಡಿ ಅಲುಗದಿದ್ದಾಗ ಶಂಭು ಹಾಲಿನ ಕೆಲಸದವನಾದ ಧರ್ಣಪ್ಪನಿಗೆ ಕೂಗಿ ಹೇಳಿದ್ದು ಇಷ್ಟೇ: ಜನರೇಟರಿನ ತಂತಿಗೆ ಕ್ಲಿಪ್ ಹಾಕಿ ನೇರವಾಗಿ ಬೋರ್ಡಿಗೆ ಸಿಕ್ಕಿಸು, ಮೊದಲು ಫ್ಯಾನ್ ತಿರುಗಲಿ. ಹಾಲನ್ನು ಕಂಬದಿಂದ ಬೇರೆ ಮಾಡುವ ಮೈನ್ ಫ್ಯೂಸ್ ಕಳಚಲು ಯಾರಿಗೂ ಪುರುಸೊತ್ತಿರಲಿಲ್ಲ. ಒಳಗೆ ಫ್ಯಾನ್ ತಿರುಗಿತು. ಅದೇ ಕರೆಂಟು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಕಂಬ ಹತ್ತಿತು.

ಹೊರಗಿನ ಕೂಗು ಕೇಳಿ ರಾಜೀವಿ ಹೊಲಿಗೆ ಬಿಟ್ಟು ಓಡುವಾಗ ಹಾಲಿನ ಹಿಂದುಗಡೆ ಜನರೇಟರಿನ ಗಡಗಡ ಕೇಳಿದಳು. ಡೀಸೆಲಿನ ಹೊಗೆ ಮೂಗಿಗೆ ಬಡಿಯಿತು. ಅವಳು ಕಂಬದ ಬುಡ ಮುಟ್ಟಿದಾಗ ಆ ಶಬ್ದ ನಿಂತಿತು. ಚಿನ್ನಯ್ಯ ಬೆಲ್ಟಿನಲ್ಲಿ ನೇತಾಡುತ್ತಿದ್ದ.

ಪೊಲೀಸರು ಬರುವಾಗ ಕ್ಲಿಪ್ಪುಗಳು ಬೋರ್ಡಿನಲ್ಲಿ ಇರಲಿಲ್ಲ. ಜನರೇಟರ್ ಹಾಕಿಯೇ ಇರಲಿಲ್ಲ ಎಂದ ಶಂಭು. ಸ್ವಲ್ಪ ತಡೆದು, ಕನಿಕರದ ಧ್ವನಿಯಲ್ಲಿ, "ಪಾಪ, ಸ್ವಲ್ಪ ಹಾಕಿದ್ದ ಅಂತ ಕಾಣ್ತದೆ" ಎಂದೂ ಸೇರಿಸಿದ. ಭಾನುವಾರದ ಹಾಡು ಕೇಳಿದ್ದ ಊರು ಅದನ್ನು ನಂಬಿತು. ವಿಚಾರಣೆಯಲ್ಲಿ ಅರ್ತ್ ರಾಡ್ ಹಾಕದ್ದು ಮಾತ್ರ ದಾಖಲಾಯಿತು. ಕರೆಂಟ್ ಎಲ್ಲಿಂದ ಬಂತು ಎಂಬುದಕ್ಕೆ ಹೆಂಡತಿಯ ಮಾತು ಬಿಟ್ಟು ಬೇರೆ ಸಾಕ್ಷಿ ಸಿಗಲಿಲ್ಲ. ಊರವರ ಬಾಯಲ್ಲಿ ಉಳಿದದ್ದು ಇದು: ಚಿನ್ನಯ್ಯ ಕುಡಿದು ಕಂಬ ಹತ್ತಿ ಸತ್ತ.

ಆ ಸಂಜೆ ಶಂಭುವಿನ ಹಾಲಿನಿಂದ ರಾಜೀವಿಯ ಮನೆಗೆ ಒಂದು ಸ್ಟೀಲ್ ಬಕೆಟ್ ಬಂತು. ಹಂತಿಗೆ ಬಡಿಸುವ ಬಕೆಟ್ಟು. ಬದಿಯಲ್ಲಿ ಸಭಾಭವನದ ಹೆಸರು ಕೊರೆದಿತ್ತು. ಒಳಗೆ ಉಳಿದ ಪಾಯಸ. ಸತ್ತ ಮನೆಯಲ್ಲಿ ಒಲೆ ಉರಿಸುವುದಿಲ್ಲವಲ್ಲ, ಬಂದವರಿಗೆ ಆಗುತ್ತದೆ ಎಂದು ಹೇಳಿ ಕಳುಹಿಸಿದ್ದ. ರಾಜೀವಿ ಪಾಯಸವನ್ನು ತೆಂಗಿನ ಬುಡಕ್ಕೆ ಹೊಯ್ದಳು. ಬಕೆಟ್ಟನ್ನು ತೊಳೆದು ಇಟ್ಟುಕೊಂಡಳು.

ಮರುತಿಂಗಳಿನಿಂದ ಅವಳು ಆ ಮದುವೆಗೆ ಹೋದವರ ಮನೆಗಳಿಗೆ ಹೋಗತೊಡಗಿದಳು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಊಟ ಮಾಡುವಾಗ ಫ್ಯಾನ್ ತಿರುಗ್ತಾ ಇತ್ತಾ?"

ಪ್ರಶ್ನೆ ಸುಲಭದ್ದು. ಹೌದು ಎಂದರೆ ಜನರೇಟರ್ ಓಡಿತ್ತು ಎಂದಾಗುತ್ತದೆ. ಆದರೆ ಉತ್ತರ ಹೇಳಿದವರಿಲ್ಲ. ಒಬ್ಬರಿಗೆ ನೆನಪಿಲ್ಲ. ಇನ್ನೊಬ್ಬರು ಆಗ ಕೈ ತೊಳೆಯಲು ಹೋಗಿದ್ದರು. ಅವಳ ಹತ್ತಿರವೇ ರವಕೆ ಹೊಲಿಸುತ್ತಿದ್ದ ಶಾರದಕ್ಕ ಬಾಗಿಲಲ್ಲಿ ನಿಂತು, "ಯಾರಿಗೆ ನೆನಪುಂಟು ಮಾರಾಯ್ತಿ? ಪಾಯಸ ಮಾತ್ರ ಭಾರೀ ಚಂದ ಇತ್ತು" ಎಂದಳು. ಧರ್ಣಪ್ಪ ನೆಲ ನೋಡಿದ. "ನನಗೆ ಎಂತ ಗೊತ್ತಿಲ್ಲ ಅಕ್ಕ," ಎಂದು ಹೇಳಿ ಸೈಕಲ್ಲು ಹತ್ತಿದ.

ಎಲ್ಲರಿಗೂ ಮಕ್ಕಳಿದ್ದರು, ಮಕ್ಕಳಿಗೆ ಮದುವೆ ಆಗಬೇಕಿತ್ತು, ಇದ್ದದ್ದು ಅದೊಂದೇ ಹಾಲು. ರಾಜೀವಿ ಕೇಳುವುದನ್ನು ನಿಲ್ಲಿಸಿದಳು. ಮರೆಯಲಿಲ್ಲ.

ಅನುಕಂಪದ ಮೇಲೆ ಕಂಪನಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು, ಬೆಳ್ತಂಗಡಿ ಕಡೆ. ಬಾಕಿ ಇದ್ದ ವಿಷಯವನ್ನು ಬರೆದು ಪಾಸಾದಳು. ಇಲಾಖಾ ಪರೀಕ್ಷೆ ಬರೆದಳು. ಜೂನಿಯರ್ ಇಂಜಿನಿಯರ್ ಆಗಿ ಮೂಡಬಿದ್ರೆ ಕಡೆಗೂ ಬೆಳ್ತಂಗಡಿ ಕಡೆಗೂ ಓಡಾಡಿದಳು. ಅವಳ ಕೈಕೆಳಗಿನ ಲೈನ್‌ಮ್ಯಾನ್‌ಗಳಿಗೆ ಅವಳೆಂದರೆ ಭಯ. ಅರ್ತ್ ರಾಡ್ ಹಾಕದೆ ಕಂಬಕ್ಕೆ ಕಾಲಿಟ್ಟವನನ್ನು ರಸ್ತೆಯಲ್ಲೇ ನಿಲ್ಲಿಸಿ ಅವನ ಹೆಂಡತಿಗೆ ಫೋನ್ ಮಾಡುತ್ತಿದ್ದಳು. "ನಿಮ್ಮ ಗಂಡನಿಗೆ ನೀವು ಬೇಡವಂತೆ, ಒಮ್ಮೆ ಕೇಳಿ ನೋಡಿ." ಪ್ರತಿ ವರ್ಗಾವಣೆಯ ಹೊತ್ತಿಗೂ ಒಂದೇ ಜಾಗ ಕೇಳುತ್ತಿದ್ದಳು: ಶಂಭುವಿನ ಹಾಲು ಇರುವ ಸೆಕ್ಷನ್. ಕಾಡುದಾರಿ, ಉದ್ದುದ್ದ ಲೈನು, ಮಳೆಗಾಲದಲ್ಲಿ ದಿನಕ್ಕೊಂದು ಮರ ಬೀಳುವ ಆ ಜಾಗವನ್ನು ಯಾರೂ ಕೇಳಿ ಪಡೆಯುವುದಿಲ್ಲ. ಕೊಡಲು ಅಧಿಕಾರಿಗಳು ಹಿಂದೆಮುಂದೆ ನೋಡಿದರು. "ಅಲ್ಲಿ ನೆನಪು ಬರುದಿಲ್ವಾ ನಿಮಗೆ?" ಎಂದು ಒಬ್ಬರು ಕೇಳಿದರು.

"ಬರ್ತದೆ ಸರ್. ಅದಕ್ಕೇ."

ಕೊಟ್ಟರು. ಅವಳು ಅಲ್ಲಿಗೆ ಬಂದ ಎರಡನೆಯ ಬೇಸಗೆಯಲ್ಲಿ ಶಂಭು ತಾನಾಗಿ ಅವಳ ಮೇಜಿನ ಮುಂದೆ ಬಂದು ಕೂತ.

ಹಳೆಯ ಹಾಲನ್ನು ಕೆಡವಿ ಹೊಸದು ಕಟ್ಟಿಸಿದ್ದ. ಛಾವಣಿಯ ತುಂಬ ಸೋಲಾರ್ ಹಲಗೆಗಳು, ಹಿಂದೆ ಸದ್ದು ಕಡಿಮೆಯ ದೊಡ್ಡ ಜನರೇಟರು. ಮೊದಲ ಮದುವೆ ಅವನ ಮಗಳು ಪ್ರಾಪ್ತಿಯದೇ. ಅಷ್ಟರೊಳಗೆ ಸೋಲಾರನ್ನು ಲೈನಿಗೆ ಸೇರಿಸಿಕೊಳ್ಳಲು ಸೆಕ್ಷನ್ನಿನವರು ಬಂದು ಪರೀಕ್ಷೆ ಮಾಡಿ ಒಪ್ಪಿಗೆ ಕೊಡಬೇಕು. ಅವನು ತುಳುವಿನಲ್ಲಿ ಶುರುಮಾಡಿದ. ಅವಳು ಕನ್ನಡದಲ್ಲಿ ಉತ್ತರ ಕೊಟ್ಟಳು. ಅವನೂ ಕನ್ನಡಕ್ಕೆ ಬಂದ, ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತ.

"ನೀವು ನಮ್ಮ ಚಿನ್ನಯ್ಯನ ಹೆಂಡತಿ ಅಲ್ವಾ? ಎಷ್ಟು ಮೇಲೆ ಬಂದಿರಿ! ಪಾಪ, ಒಳ್ಳೆ ಜನ ಅವ. ಆ ಒಂದು ಚಟ ಇಲ್ಲದಿದ್ರೆ..."

"ಪರೀಕ್ಷೆಗೆ ಯಾವ ದಿನ ಆಗ್ಬಹುದು?"

"ಯಾವತ್ತಾದ್ರೂ ಬನ್ನಿ. ಬರುವ ಗುರುವಾರ ಮಾತ್ರ ಬೇಡ. ಬೆಳ್ತಂಗಡಿಯಿಂದ ಬೀಗರು ಹಾಲ್ ನೋಡ್ಲಿಕ್ಕೆ ಬರುದುಂಟು, ಊಟ ಅಲ್ಲೇ."

"ಗುರುವಾರ ಬರ್ತೇನೆ," ಎಂದಳು ರಾಜೀವಿ. "ಬೇರೆ ದಿನ ಖಾಲಿ ಇಲ್ಲ."

ಶಂಭು ಹೋದ ಮೇಲೆ ಹಾಲಿಗೆ ಸೋಲಾರ್ ಕೂರಿಸಿದ ಬಾವಾ ಎಂಬವನು ಒಳಗೆ ಬಂದ. ವಿಟ್ಲದವನು, ನಾಲ್ಕು ತಾಲೂಕಿನ ಛಾವಣಿಗಳನ್ನು ಹತ್ತಿ ಇಳಿದು ಮುಖ ಕಪ್ಪಾಗಿತ್ತು. ಬಾಗಿಲು ಮುಂದೆ ಮಾಡಿ ಹೇಳಿದ:

"ಮೇಡಂ, ಮೊದಲೇ ಹೇಳ್ತೇನೆ, ಆಮೇಲೆ ನನ್ನ ತಲೆ ಮೇಲೆ ಹಾಕ್ಬೇಡಿ. ಸೋಲಾರನ್ನು ಚೇಂಜ್‌ಓವರಿನ ಆಚೆ, ಲೈನಿನ ಬದಿಗೆ ಕೊಡುವ ಅಂದೆ ನಾನು. ಕರೆಂಟ್ ಹೋಗಿ ಜನರೇಟರ್ ಓಡುವಾಗ ಅದು ಸುಮ್ಮನೆ ಮಲಗಿರ್ಲಿ ಅಂತ. ಶಂಭು ಧನಿ ಕೇಳ್ಲಿಲ್ಲ. ನೆತ್ತಿ ಮೇಲೆ ಸೂರ್ಯ ಇರುವಾಗ ಡೀಸೆಲ್ ಯಾಕೆ ಸುಡುದು, ಎರಡೂ ಒಟ್ಟಿಗೆ ಓಡ್ಲಿ ಅಂತ ಈಚೆ, ಹಾಲಿನ ಬದಿಗೆ ಹಾಕಿಸಿದ್ರು."

"ಕರೆಂಟ್ ಹಿಂದೆ ಹೋಗದ ಹಾಗೆ ಮಧ್ಯೆ ತಡೆಯುವ ರಿಲೇ?"

"ಅದೂ ಬೇಡ ಅಂದ್ರು. ಅಲಂಕಾರಕ್ಕೆಲ್ಲ ಎಂತಕ್ಕೆ ಖರ್ಚು ಅಂತ."

ಸಂಗತಿ ಇಷ್ಟು. ಛಾವಣಿಯ ಸೋಲಾರಿಗೆ ಸ್ವಂತ ಬುದ್ಧಿ ಇಲ್ಲ. ಲೈನಿನಲ್ಲಿ ಕರೆಂಟ್ ಕಂಡರೆ ಅದರ ಹೆಜ್ಜೆಗೆ ಹೆಜ್ಜೆ ಹಾಕಿ ತನ್ನದನ್ನೂ ಸೇರಿಸುತ್ತದೆ. ಲೈನ್ ಹೋದರೆ ನಿಲ್ಲುತ್ತದೆ. ಅದಕ್ಕೆ ಜನರೇಟರನ್ನು ತೋರಿಸಿದರೆ ಲೈನೇ ಬಂತೆಂದು ನಂಬಿ ಅದಕ್ಕೂ ಸೇರಿಕೊಳ್ಳುತ್ತದೆ. ಲೈನು ದೊಡ್ಡದು, ಹೆಚ್ಚಾದದ್ದನ್ನು ಊರಿಗೆಲ್ಲ ಹಂಚುತ್ತದೆ. ಜನರೇಟರು ಒಂಟಿ. ಫ್ಯಾನು ದೀಪ ಕಡಿಮೆ ಇದ್ದು ಬಿಸಿಲು ಹೆಚ್ಚಿದ್ದರೆ, ಮಿಕ್ಕಿದ ಕರೆಂಟು ಜನರೇಟರಿನ ಹೊಟ್ಟೆಗೇ ಹಿಂದಿರುಗಿ ಅದನ್ನು ಕೆಡಿಸುತ್ತದೆ.

ಅಂದರೆ ರಾಜೀವಿ ಕಣ್ಣು ಮುಚ್ಚಿ ಸಹಿ ಹಾಕಿದರೆ ಸಾಕಾಗಿತ್ತು. ಚೇಂಜ್‌ಓವರಿನ ಹಿಡಿ ಸರಿಯಿರುವವರೆಗೆ ಅವಳ ಲೈನ್‌ಮ್ಯಾನ್‌ಗಳಿಗೆ ಅಪಾಯವಿಲ್ಲ. ಸುಡುವುದು ಶಂಭುವಿನ ಯಂತ್ರ, ಅದೂ ಮಗಳ ಮದುವೆಯ ಮಧ್ಯಾಹ್ನ, ಅವನದೇ ಜಿಪುಣತನದಿಂದ. ಅವಳು ಎರಡು ದಿನ ಆ ಯೋಚನೆಯನ್ನು ಬಾಯಲ್ಲಿಟ್ಟುಕೊಂಡು ಚೀಪಿದಳು. ರುಚಿ ಇತ್ತು. ಮೂರನೆಯ ದಿನ ಉಗಿದಳು. ಯಂತ್ರ ಸುಟ್ಟರೆ ಶಂಭು ಇನ್ನೊಂದು ತರಿಸುತ್ತಾನೆ, ಮದುವೆಗೆ ಬಂದವರು ಅವನಿಗೇ ಪಾಪ ಎನ್ನುತ್ತಾರೆ. ಅವಳಿಗೆ ಬೇಕಾದದ್ದು ಅವನ ಯಂತ್ರವಲ್ಲ. ಆ ದಿನ ಜನರೇಟರ್ ಓಡಿತ್ತು ಎಂಬುದು ಅವನ ಬಾಯಿಂದಲೇ, ಅವನ ಹಾಲಿನಲ್ಲೇ, ಅವನು ಯಾರ ಮುಂದೆ ಮರ್ಯಾದೆ ಬಯಸುತ್ತಾನೋ ಅವರ ಮುಂದೆ ಹೊರಬೀಳಬೇಕಿತ್ತು.

ಗುರುವಾರ ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಇಬ್ಬರು ಲೈನ್‌ಮ್ಯಾನ್‌ಗಳೊಂದಿಗೆ ಜೀಪಿನಲ್ಲಿ ಬಂದಳು. ಕೈಯಲ್ಲಿ ಆ ಸ್ಟೀಲ್ ಬಕೆಟ್, ಅದರೊಳಗೆ ಕೈಗವಸು, ಟೆಸ್ಟರ್. ಹಾಲಿನೊಳಗೆ ಬೀಗರು ಹತ್ತಿಪ್ಪತ್ತು ಮಂದಿ ಹೊಸ ಕುರ್ಚಿಗಳಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದರು. ತಲೆಯ ಮೇಲೆ ಅಷ್ಟೂ ಫ್ಯಾನು ತಿರುಗುತ್ತಿದ್ದವು. ರಾಜೀವಿ ಅವನ್ನೊಮ್ಮೆ ನೋಡಿ ಹೊರಗೆ ಬಂದಳು. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ತೆಗೆಸಿ, ಕಂಬದ ಮೇಲೆ ಅರ್ತ್ ರಾಡ್ ಹಾಕಿಸಿ, ತಾನೇ ನಿಂತು ನೋಡಿ, ಬಾವಾ ಕಾದಿದ್ದ ಮೀಟರ್ ಕೋಣೆಗೆ ಹೋದಳು. ಶಂಭು ಬೀಗರಿಗೆ ಹಾಲಿನ ಕಂಬಗಳನ್ನು ತೋರಿಸುತ್ತಿದ್ದ. ಹೊರಗಿನ ಕಂಬವನ್ನು ಗಮನಿಸಲಿಲ್ಲ.

ಫ್ಯೂಸ್ ತೆಗೆದಾಗಲೇ ಫ್ಯಾನುಗಳು ನಿಂತಿದ್ದವು. ಸೋಲಾರೂ ನಿಂತಿತ್ತು. ಧರ್ಣಪ್ಪ, ಈಗ ತಲೆ ನರೆತವನು, ಜನರೇಟರ್ ಹಾಕಿ ಹಿಡಿಯನ್ನು ಕೆಳಗೆಳೆದ. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಮೇಲಿನ ಸೋಲಾರ್ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು.

"ನೋಡಿದಿರಾ?" ಶಂಭು ಬೀಗರತ್ತ ತಿರುಗಿದ. "ಅರ್ಧ ಡೀಸೆಲ್, ಅರ್ಧ ಸೂರ್ಯ. ಈ ತಾಲೂಕಿನಲ್ಲಿ ಯಾರೂ ಮಾಡಿಲ್ಲ."

"ಮಾಡಿಲ್ಲ, ಹೌದು," ಎಂದಳು ರಾಜೀವಿ. "ಬಾವಾ, ಫ್ಯಾನು ದೀಪ ಒಂದೊಂದೇ ಆರಿಸಿಕೊಂಡು ಬನ್ನಿ."

ಮೊದಲ ಸಾಲು ಆರಿತು. ಎರಡನೆಯದು ಆರಿತು. ಜನರೇಟರಿನ ಗುಂಯ್ ಎನ್ನುವ ಸದ್ದು ತೆಳ್ಳಗಾಗುತ್ತ, ಏರುತ್ತ ಬಂತು. ಉಳಿದ ದೀಪಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಬೆಳಗಿದವು. ವೇದಿಕೆಯ ಮೇಲೆ ಎರಡು ದೀಪ ಟಪ್ ಟಪ್ ಎಂದು ಹೋದವು. ಜನರೇಟರ್ ಕೆಮ್ಮಿ, ಒಮ್ಮೆ ನಡುಗಿ, ತಾನಾಗಿ ನಿಂತಿತು. ಬೀಗರ ಹೆಂಗಸರು ಶರಬತ್ತು ಕೆಳಗಿಟ್ಟು ಎದ್ದರು. ಎಲ್ಲರೂ ಮೀಟರ್ ಕೋಣೆಯ ಬಾಗಿಲಿಗೆ ಬಂದು ನೆರೆದರು.

"ಎಂತ ಆಯಿತು ಮೇಡಂ?" ಶಂಭುವಿನ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಮಿಕ್ಕಿದ ಕರೆಂಟಿಗೆ ದಾರಿ ಬೇಕಲ್ಲ. ಬಂದ ದಾರಿಯಲ್ಲೇ ಹಿಂದೆ ಹೋಗ್ತದೆ. ಅದಕ್ಕೆ ಯಜಮಾನ ಯಾರು, ಆಳು ಯಾರು ಗೊತ್ತಿಲ್ಲ. ಸೋಲಾರನ್ನು ಆಚೆ ಬದಿಗೆ ಹಾಕಿಸಿ, ಮತ್ತೆ ಅರ್ಜಿ ಕೊಡಿ. ಬಾವಾ, ಸೋಲಾರ್ ಆಫ್ ಮಾಡಿ. ಧರ್ಣಪ್ಪ, ಜನರೇಟರ್ ಮಾತ್ರ ಇನ್ನೊಮ್ಮೆ ಹಾಕು. ಹಿಡಿ ಸರಿ ಉಂಟಾ ನೋಡ್ಬೇಕು."

ಜನರೇಟರ್ ಹೊರಟಿತು. ಹಾಲಿನಲ್ಲಿ ಫ್ಯಾನು ತಿರುಗಿತು. ರಾಜೀವಿ ಕಂಬದಿಂದ ಬರುವ ಕೇಬಲ್ಲಿನ ಪೆಟ್ಟಿಗೆಯನ್ನು ತೆರೆದಳು. ಒಳಗೆ ತಾಮ್ರದ ಮೂರು ತುದಿಗಳು ಹೊಳೆಯುತ್ತಿದ್ದವು.

"ಶಂಭು ಅವರೇ, ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ತೆಗೆಸಿದ್ದೇನೆ. ಈ ತಂತಿಯಲ್ಲಿ ಕರೆಂಟ್ ಇಲ್ಲ. ಮುಟ್ಟಿ."

"ನಾನಾ?"

"ಹಾಲ್ ನಿಮ್ಮದಲ್ವಾ? ನಾಳೆ ನನ್ನ ಜನ ಇದೇ ತಂತಿಯ ಇನ್ನೊಂದು ಕೊನೆಯನ್ನು ಕಂಬದ ಮೇಲೆ ಮುಟ್ಟಬೇಕು. ಇಲ್ಲಿ ನಿಮಗೆ ಧೈರ್ಯ ಇಲ್ಲದಿದ್ದರೆ ಅಲ್ಲಿ ಅವರಿಗೆ ಹೇಗೆ ಬರ್ಬೇಕು?"

ಶಂಭು ತಾಮ್ರವನ್ನು ನೋಡಿದ. ಹಿಂದೆ ಜನರೇಟರ್ ಗುಂಯ್ ಎನ್ನುತ್ತಿತ್ತು. ಬೀಗರಲ್ಲಿ ಹಿರಿಯರೊಬ್ಬರು, "ಮುಟ್ಟಿ ಬಿಡಿ ಮಾರಾಯ್ರೆ, ಮೇಡಂ ಹೇಳ್ತಾರಲ್ಲ, ಇಲ್ಲ ಅಂತ" ಎಂದು ನಕ್ಕರು. ಶಂಭುವಿನ ಕೈ ಮೇಲೆದ್ದು ಅರ್ಧದಲ್ಲಿ ನಿಂತಿತು.

"ಜನರೇಟರ್ ಓಡ್ತಾ ಉಂಟಲ್ಲ ಮೇಡಂ! ಹೇಗೆ ಮುಟ್ಟುದು?"

ಹದಿನಾಲ್ಕು ವರ್ಷದಿಂದ ಅವಳು ಕಾದಿದ್ದ ಮಾತು ಅಷ್ಟೇ ಉದ್ದದ್ದು. ರಾಜೀವಿ ದನಿ ಏರಿಸಲಿಲ್ಲ.

"ಜನರೇಟರ್ ಓಡಿದರೆ ಲೈನಿಗೆ ಎಂತಕ್ಕೆ ಕರೆಂಟ್ ಬರ್ತದೆ?"

"ಅಲ್ಲ... ಹಿಡಿ ಎಲ್ಲಿಯಾದ್ರೂ ಸರಿ ಕೂರದಿದ್ರೆ... ಬರ್ತದಲ್ಲ."

"ಬಂದರೆ?"

ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ಆಗ ಅವನಿಗೆ ಗೊತ್ತಾಯಿತು.

"ಬಂದರೆ ಮುಟ್ಟಿದವ ಸಾಯ್ತಾನೆ," ಎಂದಳು ರಾಜೀವಿ. "ಅದಕ್ಕೆ ಅವ ಕುಡಿದಿರಬೇಕಂತಿಲ್ಲ. ಅಲ್ವಾ?"

ಬೀಗರಿಗೆ ವಿಷಯ ಪೂರ್ತಿ ತಿಳಿದಿರಲಿಲ್ಲ, ಆದರೆ ಯಾರೂ ನಗಲಿಲ್ಲ. ಆಗ ಶಂಭು ತನ್ನ ಜೀವಮಾನದ ಅಭ್ಯಾಸವನ್ನೇ ಮಾಡಿದ. ಪಕ್ಕಕ್ಕೆ ತಿರುಗಿ, ಗದರಿಸಿ ಹೇಳಿದ:

"ಧರ್ಣಪ್ಪ, ಎಂತ ನೋಡ್ತೀ? ನೀನು ಮುಟ್ಟು!"

ಧರ್ಣಪ್ಪ ಅಲುಗಲಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇಲ್ಲ ಧನಿಗಳೇ."

"ಎಂತ?"

"ಅವತ್ತು ನೀವು ಕ್ಲಿಪ್ ಸಿಕ್ಕಿಸು ಅಂದಿರಿ, ಸಿಕ್ಕಿಸಿದೆ. ಆಮೇಲೆ ತೆಗಿ ಅಂದಿರಿ, ತೆಗೆದೆ. ಗೊತ್ತಿಲ್ಲ ಅಂತ ಹೇಳು ಅಂದಿರಿ, ಹೇಳಿದೆ. ಇವತ್ತು ನೀವೇ ಮುಟ್ಟಿ."

ಶಂಭು ಸುತ್ತ ನೋಡಿದ. ಬೀಗರು, ಅಡುಗೆಯವರು, ತೊಳೆಯುವ ಹೆಂಗಸರು, ಎಲ್ಲರೂ ಬಾಗಿಲಲ್ಲಿದ್ದರು. ಅವನ ಬಾಯಿಂದ ಬಂದದ್ದು ಒಂದೇ ಸಮಜಾಯಿಷಿ, ಅದೂ ಮೆಲ್ಲಗೆ:

"ಹಂತಿ ಕೂತಿತ್ತು ಮೇಡಂ."

"ಗೊತ್ತುಂಟು," ಎಂದಳು ರಾಜೀವಿ. "ಫ್ಯಾನೂ ತಿರುಗ್ತಾ ಇತ್ತು."

ಅವಳು ಟೆಸ್ಟರ್ ಹಿಡಿದು ಮೂರೂ ತುದಿ ನೋಡಿದಳು. ಆಮೇಲೆ ಬರಿಗೈಯ ಅಂಗೈಯನ್ನು ತಾಮ್ರದ ಮೇಲಿಟ್ಟು ನಿಂತಳು. ಬೀಗರ ಗುಂಪಿನಲ್ಲಿ ಯಾರೋ "ಅಯ್ಯೋ" ಎಂದರು. ಏನೂ ಆಗಲಿಲ್ಲ, ಏನೂ ಆಗದಂತೆ ಅವಳೇ ಕಂಬದ ಮೇಲೆ ರಾಡ್ ಹಾಕಿಸಿ ಬಂದಿದ್ದಳಲ್ಲ. ಶಂಭು ಮುಟ್ಟಿದ್ದರೂ ಏನೂ ಆಗುತ್ತಿರಲಿಲ್ಲ. ಅವನ ಜೀವ ಅವಳಿಗೆ ಬೇಕಾಗಿರಲಿಲ್ಲ.

"ಹಿಡಿ ಸರಿ ಉಂಟು," ಎಂದು ಕೈ ತೆಗೆದಳು. ಸೋಲಾರಿನ ಸ್ವಿಚ್ಚಿಗೆ ಸೀಲ್ ಹಾಕಿಸಿದಳು. ಕೋಣೆಯನ್ನೊಮ್ಮೆ ನೋಡಿ, "ಇಲ್ಲಿ ಬೆಂಕಿಗೆ ಮರಳಿನ ಬಕೆಟ್ ಇಲ್ಲ. ಇರ್ಬೇಕು. ನಿಮ್ಮದೇ ಒಂದು ನನ್ನ ಹತ್ತಿರ ಇತ್ತು" ಎಂದಳು. ಕೈಗವಸನ್ನು ತೆಗೆದು, ಅಂಗಳದಲ್ಲಿ ರಾಶಿ ಹಾಕಿದ್ದ ಮರಳನ್ನು ಬಕೆಟ್ಟಿಗೆ ತುಂಬಿಸಿ, ಕೊರೆದ ಹೆಸರು ಹೊರಗೆ ಕಾಣುವಂತೆ ಮೊಳೆಗೆ ತೂಗುಹಾಕಿದಳು.

ಧರ್ಣಪ್ಪ ಜೀಪಿನವರೆಗೆ ಹಿಂದೆ ಬಂದ. "ಅಕ್ಕಾ, ನನಗೆ ಆಗ ಮಕ್ಕಳು ಸಣ್ಣವು. ಹೇಳ್ಬೇಕು ಅಂತ ಎಷ್ಟು ಸಲ..."

"ಹದಿನಾಲ್ಕು ವರ್ಷ ಸುಮ್ಮನಿದ್ದೆಯಲ್ಲ ಧರ್ಣಪ್ಪ. ಇನ್ನೂ ಸ್ವಲ್ಪ ಸುಮ್ಮನಿರು," ಎಂದಳು ರಾಜೀವಿ. ಜೀಪು ಹೊರಟಿತು.

ಸಿದ್ಧಕಟ್ಟೆಯಲ್ಲಿ ಮಾತು ಹಬ್ಬಲು ಪತ್ರಿಕೆ ಬೇಕಾಗಿಲ್ಲ. ಮರುದಿನದಿಂದಲೇ ಜನರಿಗೆ ನೆನಪು ಮರಳತೊಡಗಿತು. ಸೆಕ್ಷನ್ ಆಫೀಸಿಗೆ ಬಿಲ್ಲಿನ ವಿಷಯ ಕೇಳಲು ಬಂದವರು ಬಾಗಿ ಮೆಲ್ಲಗೆ ಹೇಳುತ್ತಿದ್ದರು: ಹೌದು ಮೇಡಂ, ಫ್ಯಾನ್ ತಿರುಗ್ತಾ ಇತ್ತು, ನನ್ನ ಎಲೆ ಹಾರಿಹೋಗಿತ್ತು ಕೂಡ. ರಾಜೀವಿ ಬಿಲ್ಲಿನ ಬಗ್ಗೆ ಮಾತ್ರ ಉತ್ತರ ಕೊಟ್ಟಳು. ಬೇಕಾದಾಗ ಇಲ್ಲದ ನೆನಪು ಈಗ ಅವಳಿಗೆ ಬೇಡವಾಗಿತ್ತು.

ಸೋಲಾರನ್ನು ಆಚೆ ಬದಿಗೆ ಹಾಕಿಸಿ ಶಂಭು ಮತ್ತೆ ಅರ್ಜಿ ಕೊಟ್ಟ. ಸರದಿಯಲ್ಲಿ ಅವನ ಪಾಳಿ ಮದುವೆ ಕಳೆದ ಮೇಲೆ ಬರುವುದಿತ್ತು. ರಾಜೀವಿ ಸರದಿಯನ್ನು ಹಿಂದೆ ದೂಡಲಿಲ್ಲ, ಮುಂದಕ್ಕೂ ಎಳೆಯಲಿಲ್ಲ. ಒಂದನ್ನು ಮಾತ್ರ ಮಾಡಿದಳು. ಮಳೆಗಾಲಕ್ಕೆ ಮೊದಲು ಲೈನಿಗೆ ತಾಗುವ ಗೆಲ್ಲುಗಳನ್ನು ಕಡಿಸುವುದು ಪ್ರತಿವರ್ಷದ ಕೆಲಸ. ಆ ದಿನ ಬೆಳಗ್ಗಿನಿಂದ ಸಂಜೆವರೆಗೆ ಕರೆಂಟ್ ಇರುವುದಿಲ್ಲ ಎಂದು ಮುಂಚಿತವಾಗಿ ಪ್ರಕಟಣೆ ಬರುತ್ತದೆ. ಆ ಸಲ ಶಂಭುವಿನ ಹಾಲಿನ ಲೈನಿಗೆ ಅವಳು ಹಾಕಿದ ದಿನ ಪ್ರಾಪ್ತಿಯ ಮದುವೆಯದು. ಅದು ಅಚಾನಕ್ಕಾಗಿ ಬಂತಾ ಎಂದು ಬಾವಾ ಕೇಳಿದ.

"ಅಲ್ಲ," ಎಂದಳು.

ಮದುವೆಗೆ ಅವಳಿಗೆ ಕರೆ ಬಂದಿತ್ತು. ಬೀಗರ ಮುಂದೆ ಕರೆಯದಿರಲು ಶಂಭುವಿಗೆ ಧೈರ್ಯ ಸಾಲಲಿಲ್ಲ. ಅವಳು ಲೈನಿನಲ್ಲಿ ರಾಡ್ ಹಾಕಿಸಿ, ಗೆಲ್ಲು ಕಡಿಯುವವರನ್ನು ನಿಲ್ಲಿಸಿ, ನೆಟ್ಟಗೆ ಹಾಲಿಗೆ ಹೋದಳು. ಮದುಮಗಳು ನೋಡಲು ಚಂದವಿದ್ದಳು. ಅವಳ ಮೇಲೆ ರಾಜೀವಿಗೆ ಯಾವ ದ್ವೇಷವೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಹಂತಿ ಹಾಕಿದರು. ಅವಳು ಶಾರದಕ್ಕನ ಪಕ್ಕದ ಎಲೆಯ ಮುಂದೆ ಕೂತಳು.

ಫ್ಯಾನು ನಿಂತಿದ್ದವು. ಸೆಖೆಗೆ ಎಲ್ಲರೂ ಸೆರಗಿನಿಂದ, ಶಾಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹಿಂದಿನಿಂದ ಜನರೇಟರಿನ ಸದ್ದು ಬಂತು, ಆದರೆ ಫ್ಯಾನು ಅಲುಗಲಿಲ್ಲ. ಮೀಟರ್ ಕೋಣೆಯ ಬಾಗಿಲಲ್ಲಿ ಧರ್ಣಪ್ಪ ಕೈಕಟ್ಟಿ ನಿಂತಿದ್ದ. ಅವನ ಪಕ್ಕದಲ್ಲಿ ಇನ್ನಿಬ್ಬರು ಕೆಲಸದವರು, ಅವರೂ ಕೈಕಟ್ಟಿಯೇ. ಗುರುವಾರದ ನಂತರ ಆ ಹಾಲಿನಲ್ಲಿ ಆ ಹಿಡಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ನೀವು ಮುಟ್ಟಿ ತೋರಿಸಿ ಧನಿಗಳೇ, ಆಮೇಲೆ ನಾವು ಎನ್ನುತ್ತಿದ್ದರು. ಆ ಆಮೇಲೆ ಎಂಬುದು ಬರುತ್ತಲೇ ಇರಲಿಲ್ಲ.

ಶಂಭು ರೇಷ್ಮೆ ಶಾಲು ಹೊದ್ದು ಬಾಗಿಲಲ್ಲಿ ಬಂದವರಿಗೆ ಕೈಮುಗಿಯುತ್ತಿದ್ದ. ಕೈ ಇಳಿಸಿದ. ಹಂತಿಯ ಈ ತುದಿಯಿಂದ ಆ ತುದಿಯವರೆಗೆ, ಎಲೆಯ ಮುಂದೆ ಬೆವರುತ್ತ ಕೂತ ಅಷ್ಟೂ ಮಂದಿಯ ಎದುರು ನಡೆದುಹೋದ. ಕೋಣೆಯೊಳಗೆ ಶಾಲನ್ನು ಕೈಗೆ ಸುತ್ತಿಕೊಂಡದ್ದು, ಮರಳಿನ ಬಕೆಟ್ಟಿಗೆ ಮೊಣಕೈ ತಾಗಿ ಅದು ತೂಗಾಡಿದ್ದು, ಕಣ್ಣು ಮುಚ್ಚಿ ಹಿಡಿಯನ್ನು ಎಳೆದದ್ದು ತೆರೆದ ಬಾಗಿಲಿನಿಂದ ಕಂಡಿತು.

ಫ್ಯಾನುಗಳು ತಿರುಗಿದವು. ಇಡೀ ಹಂತಿ ತಲೆಯೆತ್ತಿ ನೋಡಿತು.

ಪಾಯಸ ಬಂತು. ರಾಜೀವಿ ಎಲೆಯಲ್ಲಿ ಜಾಗ ಮಾಡಿಕೊಂಡು, ಪಕ್ಕಕ್ಕೆ ತಿರುಗದೆ ಕೇಳಿದಳು:

"ಫ್ಯಾನ್ ತಿರುಗ್ತಾ ಉಂಟಾ ಶಾರದಕ್ಕ?"

ಶಾರದಕ್ಕ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದಳು.

"ತಿರುಗ್ತಾ ಉಂಟು."

"ನೆನಪಿಟ್ಟುಕೊಳ್ಳಿ," ಎಂದು ಹೇಳಿ ರಾಜೀವಿ ಪಾಯಸಕ್ಕೆ ಕೈ ಹಾಕಿದಳು.